ನೆರಳಣ್ಣನ ಬಿಳಿ ಕಾಗದ

ಆ ಬೀದಿಯಲ್ಲಿ ಗಡಿಯಾರ ರಿಪೇರಿಯವನ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ, ಮಹಡಿ ಮೆಟ್ಟಿಲ ಕೆಳಗೆ ಒಂದು ಕೋಣೆಯಿದೆ. ನಿಂತರೆ ತಲೆ ತಗಲುತ್ತದೆ, ಕೂತರೆ ಮಂಡಿ ತಗಲುತ್ತದೆ. ಬಾಗಿಲ ಮೇಲೆ ಒಂದು ಹಲಗೆ: ‘ಇಲ್ಲಿ ಷೂ ಮಾರುವುದಿಲ್ಲ, ಹೊಲಿಯುವುದೂ ಇಲ್ಲ.’ ಮತ್ತೇನು ಮಾಡುತ್ತೀರಪ್ಪ ಎಂದು ಒಳಗೆ ತಲೆ ಹಾಕಿ ಕೇಳಿದವರಿಗೆ ಮಾತ್ರ ಉತ್ತರ ಸಿಗುತ್ತಿತ್ತು: “ನೋಡ್ಕೋತೀವಿ.”

ಒಳ್ಳೆಯ ಚರ್ಮದ ಷೂಗಳನ್ನು ನೋಡಿಕೊಳ್ಳುವುದೇ ಅಲ್ಲಿನ ಕಸುಬು. ಹಳೆಯ ಪಾಲಿಷ್ ತೆಗೆಯಬೇಕು, ಒಣಗಿದ ಚರ್ಮಕ್ಕೆ ಬೆರಳಿನಿಂದಲೇ ಕ್ರೀಮು ತಿನ್ನಿಸಬೇಕು, ಅದು ಹೀರಿಕೊಳ್ಳುವ ತನಕ ಬಾಯಿ ಮುಚ್ಚಿಕೊಂಡು ಕಾಯಬೇಕು, ಆಮೇಲೆ ಕುದುರೆ ಕೂದಲಿನ ಬ್ರಷ್ಷು, ಕಡೆಗೆ ಮೂತಿಗೂ ಹಿಮ್ಮಡಿಗೂ ಮಾತ್ರ ಮೇಣ. ಮಡಿಯುವ ಜಾಗಕ್ಕೆ ಮೇಣ ಬಳಿದರೆ ಎರಡೇ ದಿನದಲ್ಲಿ ಬಿರುಕು ಬಿಡುತ್ತದೆ. ಇದನ್ನೆಲ್ಲ ಮಾಡುತ್ತಿದ್ದವನನ್ನು ಬೀದಿಯವರು ನೆರಳಣ್ಣ ಎನ್ನುತ್ತಿದ್ದರು. ನೆನೆದ ಷೂ ತಂದವರು ಎಂಥ ದೊಡ್ಡವರೇ ಆಗಲಿ, ಎಷ್ಟೇ ಅವಸರದವರಾಗಲಿ, ಅವನ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು: “ನೆರಳಲ್ಲಿ ಒಣಗಲಿ.” ಬಿಸಿಲು ಕೂಡದು, ಒಲೆ ಕೂಡದು, ಹೀಟರ್ ಕೂಡದು. ಎರಡು ದಿನ ಬೇಕೋ, ಮೂರು ದಿನ ಬೇಕೋ, ಅದು ಚರ್ಮದ ಇಷ್ಟ. “ಒದ್ದೆ ಇರುವಾಗ ಮುಟ್ಟಿದರೆ ಜನ್ಮಪೂರ್ತಿ ಸುಕ್ಕು” ಎಂದು ಅವನ ಅಪ್ಪ ಕಿವಿ ಹಿಂಡಿ ಕಲಿಸಿದ್ದ. ಅಪ್ಪ ಹೋದ, ಅಮ್ಮ ಅವನಿಗಿಂತ ಮೊದಲೇ ಹೋಗಿದ್ದಳು. ಉಳಿದದ್ದು ಈ ಮಾತು, ನಾಲ್ಕು ಬ್ರಷ್ಷು, ಮತ್ತು ನೆರಳಣ್ಣನಿಗಿಂತ ಹನ್ನೊಂದು ವರ್ಷ ಚಿಕ್ಕವನಾದ ಒಬ್ಬ ತಮ್ಮ.

ನೆರಳಣ್ಣ ಎಂಬ ಹೆಸರಿಟ್ಟವನೂ ಆ ತಮ್ಮನೇ. ತಮ್ಮನನ್ನು ಅಣ್ಣ ‘ಮರಿ’ ಎನ್ನುತ್ತಿದ್ದ. ಮರಿಗೆ ಮೀಸೆ ಬಂತು, ಮದುವೆಯಾಯಿತು, ಮೀಸೆಯಲ್ಲಿ ಒಂದೆರಡು ಬಿಳಿ ಕೂದಲೂ ಇಣುಕಿದವು, ಆದರೂ ಅವನು ಮರಿಯೇ.

ಇಬ್ಬರೂ ಆ ಮೆಟ್ಟಿಲ ಕೆಳಗೆ ಇಪ್ಪತ್ತೆರಡು ವರ್ಷ ಬೆನ್ನಿಗೆ ಬೆನ್ನು ಕೊಟ್ಟು ಕೆಲಸ ಮಾಡಿದರು. ಮರಿ ಬಾಗಿಲ ಕಡೆ ಕೂತು ಷೂ ಇಸಿದುಕೊಂಡು, ಲೇಸು ಬಿಚ್ಚಿ, ಮಣ್ಣು ಒರೆಸಿ, ತೇವ ಹೀರಲೆಂದು ಮೂತಿಯೊಳಗೆ ಕಾಗದ ತುರುಕಿ ಹಿಂದಕ್ಕೆ ಚಾಚುತ್ತಿದ್ದ. ಅಣ್ಣ ಗೋಡೆ ಕಡೆ ಕೂತು ಮಿಕ್ಕ ಕೆಲಸ ಮಾಡಿ, ಮೂತಿಯ ಆಕಾರ ಕೆಡದಿರಲೆಂದು ಬೇರೆ ಕಾಗದ ತುಂಬಿ ಮುಂದಕ್ಕೆ ಕೊಡುತ್ತಿದ್ದ. ಗಿರಾಕಿಗಳು ಎದುರಿಗೇ ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ಬಾಯಿ ಬಿಟ್ಟು ಮಾತಾಡುವಂತಿಲ್ಲ. ಮರಿಯ ನಾಲಿಗೆಯೋ, ಸುಮ್ಮನಿದ್ದರೆ ತುರಿಸುವ ಜಾತಿಯದು. ಹಾಗಾಗಿ ಅವನು ಒಂದು ದಾರಿ ಕಂಡುಕೊಂಡ. ಮೂತಿಗೆ ತುರುಕುವ ಕಾಗದದ ಮೇಲೆ ಪೆನ್ಸಿಲಿನಲ್ಲಿ ಒಂದು ಸಾಲು ಗೀಚಿ ಉಂಡೆ ಮಾಡುವುದು. ಪೆನ್ಸಿಲೇ ಏಕೆಂದರೆ ಶಾಯಿಯಾದರೆ ಒಳಗಿನ ಅಸ್ತರಿಗೆ ಹತ್ತುತ್ತದೆ. ತಮಾಷೆಯಲ್ಲೂ ಕಸುಬು ಬಿಟ್ಟವನಲ್ಲ.

ಅಣ್ಣ ಕಾಗದ ಹೊರಗೆಳೆದು, ಮಂಡಿಯ ಮೇಲೆ ಬಿಡಿಸಿ ಓದುತ್ತಿದ್ದ. ‘ಇವರ ಎಡಗಾಲು ಬಲಗಾಲಿನ ಜೊತೆ ಮಾತು ಬಿಟ್ಟಂತಿದೆ, ಸವೆತ ನೋಡು.’ ‘ಅಣ್ಣಾ, ಇದನ್ನು ಮೂಗು ಮುಚ್ಚಿಕೊಂಡು ಓದು.’ ‘ಈ ಪುಣ್ಯಾತ್ಮ ಷೂವಿಗೆ ತೋರಿಸುವ ಪ್ರೀತಿಯಲ್ಲಿ ಕಾಲುಭಾಗ ಹೆಂಡತಿಗೆ ತೋರಿಸಿದ್ದರೆ!’ ಅಣ್ಣ ನಗದೆ, ಕೆಮ್ಮಿದಂತೆ ಮಾಡಿ, ಹಿಂತಿರುಗಿಸುವ ಕಾಗದದ ಮೇಲೆ ತೇಲಿಸಿ ಬರೆಯುತ್ತಿದ್ದ: ‘ಮುಚ್ಚು ಬಾಯಿ.’ ಅಥವಾ ‘ಕೆಲಸ ನೋಡು.’ ಅಣ್ಣನ ಉತ್ತರಗಳು ಯಾವಾಗಲೂ ಎರಡೇ ಪದ. ಮರಿಗೆ ಅಷ್ಟು ಸಾಕಿತ್ತು. ಷೂ ಗಿರಾಕಿಯ ಕೈಗೆ ಹೋಗುವ ಮುಂಚೆ ಆ ಕಾಗದ ತೆಗೆದು, ಓದಿ, ಜೇಬಿಗೆ ಇಳಿಸಿ, ಖಾಲಿ ಕಾಗದ ತುರುಕಿಬಿಡುತ್ತಿದ್ದ. ಹೆಂಡತಿಯ ಮಾತಿನ ಆ ಚೀಟಿಯೊಂದನ್ನು ಮಾತ್ರ ಅಣ್ಣ ಓದಿ ಇನ್ನೊಂದು ಕಾಲಿನ ಷೂವಿನೊಳಗೇ ಮರೆತುಬಿಟ್ಟಿದ್ದರಿಂದ ಅದು ಗಿರಾಕಿಯ ಮನೆಗೇ ಹೋಗಿಬಿಟ್ಟಿತ್ತು. ಮಾರನೆಯ ದಿನ ಆತನ ಹೆಂಡತಿ ತನ್ನ ಮೂರು ಜೊತೆ ಷೂ ಹೊತ್ತು ನಗುತ್ತ ಬಂದಳು.

ಈಗ ಹೇಳಲೇಬೇಕಾದ ಕೆಟ್ಟ ದಿನದ ವಿಷಯ.

ನೆರಳಣ್ಣನಿಗೆ ಜ್ವರ. ಎರಡು ದಿನದಿಂದ ಕಣ್ಣು ಕೆಂಪಗೆ, ತಲೆ ಭಾರ. ಹೊಸಬರೊಬ್ಬರು, ವಕೀಲರು, ಮಳೆಯಲ್ಲಿ ತೊಪ್ಪೆಯಾದ ಕಂದು ಬಣ್ಣದ ಷೂ ತಂದರು. ಒಂದೇ ತುಂಡು ಚರ್ಮದಲ್ಲಿ ಮಾಡಿದ, ಕೈಗೆ ಎತ್ತಿಕೊಂಡರೆ ಇಳಿಸಲು ಮನಸ್ಸು ಬಾರದಂಥ ಷೂ. ಮರಿ ಹೊರಗೆ ಹೋಗಿದ್ದ. ಜ್ವರದ ಮಂಪರಿನಲ್ಲಿ ಅಣ್ಣನೇ ಚೀಟಿ ಬರೆದು ಲೇಸಿಗೆ ಕಟ್ಟಿದ, ‘ನಾಳೆ ಬೆಳಿಗ್ಗೆ’ ಎಂದು. ಜೀವಮಾನದಲ್ಲಿ ನೆನೆದ ಷೂವಿಗೆ ಅವನು ಬರೆಯದ ಮಾತು. ಬರೆದು ಮನೆಗೆ ಹೋಗಿ ಮಲಗಿದ, ಮರೆತೂಬಿಟ್ಟ. ಸಂಜೆ ಮರಿ ಆ ಚೀಟಿ ಓದಿದ. ಅಣ್ಣ ಕೊಟ್ಟ ಮಾತು. ಅಣ್ಣನ ಮಾತು ಸುಳ್ಳಾಗುವ ಹಾಗಿಲ್ಲ. ಕನ್ನಡಕದ ಅಂಗಡಿಯವನ ಹಿಂದಿನ ಕೋಣೆಯಲ್ಲಿ ನೀರು ಕಾಯಿಸುವ ಬಾಯ್ಲರ್ ಇತ್ತು. ಅದರ ಮೇಲೆ ದಪ್ಪ ಬಟ್ಟೆ ಹಾಸಿ, ಷೂಗಳನ್ನಿಟ್ಟು, ಏನೂ ಆಗದಿರಲಿ ಎಂದುಕೊಂಡು ಮನೆಗೆ ಹೋದ.

ಬೆಳಿಗ್ಗೆ ಎರಡೂ ಷೂಗಳ ಮಡಿಕೆಯಲ್ಲಿ ಬಿರುಕು. ಬೇಸಿಗೆಯಲ್ಲಿ ಕೆರೆಯ ತಳ ಬಿಡುವಂಥ ಬಿರುಕು.

ವಕೀಲರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು. ಷೂಗಳನ್ನು ತಿರುಗಿಸಿ ತಿರುಗಿಸಿ ನೋಡಿ, ತುಂಬ ಮೆಲ್ಲಗೆ ಕೇಳಿದರು: “ಇದು ನಿಮ್ಮ ಕೈಕೆಲಸಾನಾ?”

ಜ್ವರ ಬಿಟ್ಟು ಅದೇ ತಾನೆ ಬಂದಿದ್ದ ನೆರಳಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅಪ್ಪನ ಕಾಲದಿಂದ ಉಳಿಸಿಕೊಂಡು ಬಂದ ಹೆಸರು. ಬಾಯಿಗೆ ಬಂದದ್ದು ಆಡಿಬಿಟ್ಟ.

“ಇಲ್ಲ ಸರ್, ನಾನು ರಜದಲ್ಲಿದ್ದೆ. ಕೆಲಸದವನು ಮಾಡಿದ್ದು.”

ಮರಿ ಪಕ್ಕದಲ್ಲೇ ನಿಂತಿದ್ದ. ಇಪ್ಪತ್ತೆರಡು ವರ್ಷ ಬೆನ್ನಿಗೆ ಬೆನ್ನು ಕೊಟ್ಟವನು. ವಕೀಲರು ಹೋಗುವ ತನಕ ಕಾದು, ಏಪ್ರನ್ ಬಿಚ್ಚಿ, ನಾಲ್ಕು ಮಡಿಕೆ ಮಾಡಿ ಸ್ಟೂಲಿನ ಮೇಲಿಟ್ಟ. “ಕೆಲಸದವನು ಹೊರಡ್ತಾನೆ” ಎಂದು ಹೇಳಿ ಹೊರಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಗಾದೆ ಕಟ್ಟಿದವರಿಗೆ ಇಂಥದ್ದೇನೋ ಆಗಿಯೇ ಇರಬೇಕು.

ಸಂಜೆ ಕಸ ಗುಡಿಸುವಾಗ ಆ ಚೀಟಿ ಸಿಕ್ಕಿತು. ‘ನಾಳೆ ಬೆಳಿಗ್ಗೆ.’ ತನ್ನದೇ ಅಕ್ಷರ. ನೆರಳಣ್ಣ ಅದನ್ನು ಜೇಬಿಗಿಟ್ಟು ಮನೆಗೆ ಹೋಗಿ, ನಡೆದದ್ದನ್ನೆಲ್ಲ ಹೆಂಡತಿಗೆ ಹೇಳಿದ.

“ಈಗಲೇ ಹೋಗಿ ಕರ್ಕೊಂಡು ಬನ್ನಿ” ಎಂದಳು ಹೆಂಡತಿ. “ತಪ್ಪು ನಂದು ಅನ್ನಿ. ಬಾಯಿ ಸವೆಯುತ್ತಾ?”

“ಈಗ ಒದ್ದೆ ಇದಾನೆ ಕಣೆ. ಒದ್ದೆ ಇರುವಾಗ ಮುಟ್ಟಬಾರದು. ಸ್ವಲ್ಪ ದಿನ ಹೋಗಲಿ. ತಾನಾಗೇ ಆರಲಿ.”

“ಅವನೇನು ಚರ್ಮಾನಾ? ನಿಮ್ಮ ತಮ್ಮ ಅಲ್ವಾ?”

ನಾಚಿಕೆಗೆ ತಾಳ್ಮೆಯೆಂದು ಹೆಸರಿಟ್ಟುಕೊಂಡರೆ ಎಷ್ಟು ದಿನ ಬೇಕಾದರೂ ಕೂತಿರಬಹುದು. ತಾಳಿದವನು ಬಾಳಿಯಾನು ಎಂಬ ಗಾದೆಯೂ ಬೆನ್ನ ಹಿಂದೆ ಇದ್ದೇ ಇತ್ತು.

ಮೊದಲ ತಿಂಗಳು ಅವನ ಕೈ ಹಳೆಯ ಅಭ್ಯಾಸ ಬಿಡಲಿಲ್ಲ. ಯಾವ ಷೂ ಬಂದರೂ ಮೂತಿಯಿಂದ ಕಾಗದ ಎಳೆಯುವುದು, ಮಂಡಿಯ ಮೇಲೆ ಬಿಡಿಸುವುದು. ಒಳಗೆ ಇರುತ್ತಿದ್ದದ್ದು ಗಿರಾಕಿಗಳೇ ತುರುಕಿದ ಹಳೆಯ ಪತ್ರಿಕೆಯ ಚೂರು, ಅಂಗಡಿಯ ಜಾಹೀರಾತು. ಪ್ರತಿ ಸಲವೂ ಎದೆಯಲ್ಲಿ ಏನೋ ಕಳಚಿ ಬಿದ್ದಂತಾಗುತ್ತಿತ್ತು. ದಿನಕ್ಕೆ ಏಳೆಂಟು ಸಲ. ಯಾರು ತಾನೆ ತಡೆದುಕೊಂಡಾರು? ಆಗ ಅವನು ಕೈಗೆ ಹೊಸದೊಂದು ಪಾಠ ಕಲಿಸಿದ. ಷೂ ಎತ್ತಿಕೊಂಡ ಕೂಡಲೇ ಕಣ್ಣನ್ನು ಕಿಟಕಿಯ ಕಡೆ ತಿರುಗಿಸಿ, ಕಾಗದ ಎಳೆದು, ನೋಡದೆ, ಕಾಲ ಬಳಿಯಿದ್ದ ತಗಡಿನ ಡಬ್ಬಕ್ಕೆ ಎಸೆದುಬಿಡುವುದು. ಕೆಲವೇ ವಾರಗಳಲ್ಲಿ ಕೈ ಈ ಪಾಠ ಕಲಿತುಬಿಟ್ಟಿತು. ಅವನ ಕೈ ಯಾವ ಪಾಠವನ್ನೂ ಬೇಗ ಕಲಿಯುತ್ತಿತ್ತು, ಕಲಿತದ್ದನ್ನು ಮರೆಯುತ್ತಿರಲಿಲ್ಲ.

ಏಳು ತಿಂಗಳಾದ ಮೇಲೆ ಒಂದು ಮಂಗಳವಾರ ದೊಡ್ಡ ಹೋಟೆಲೊಂದರ ವ್ಯಾನು ಬಂದು ಬಾಗಿಲಲ್ಲಿ ನಿಂತಿತು. ಅಲ್ಲಿ ಇಳಿದುಕೊಳ್ಳುವವರ ಒಳ್ಳೆಯ ಷೂಗಳನ್ನು ಇನ್ನು ಮುಂದೆ ಇಲ್ಲಿಗೇ ಕಳಿಸುತ್ತಾರಂತೆ, ಮಂಗಳವಾರ ಕೊಡುವುದು, ಬುಧವಾರ ಒಯ್ಯುವುದು. ವ್ಯಾನಿನವನು ಬಟ್ಟೆಯ ಚೀಲಗಳನ್ನು ಇಳಿಸಿ ಹೋದ. ನೆರಳಣ್ಣ ಮೊದಲನೆಯ ಚೀಲ ಬಿಚ್ಚಿದ. ಷೂಗಳ ಮೇಲೆ ಲೇಸುಗಳನ್ನು ಬಿಚ್ಚಿ, ಎರಡು ಬೆರಳಿಗೆ ಎಂಟರ ಆಕಾರದಲ್ಲಿ ಸುತ್ತಿ, ತುದಿಯನ್ನು ನಡುವೆ ಸಿಕ್ಕಿಸಿ ಇಟ್ಟಿತ್ತು. ಅವನ ಕೈ ನಿಂತಿತು. ಹಾಗೆ ಲೇಸು ಸುತ್ತುವವರು ಲೋಕದಲ್ಲಿ ಮೂವರೇ. ಅಪ್ಪ, ತಾನು, ಮರಿ. ಅಪ್ಪ ಇಲ್ಲ.

ಆ ದಿನ ಮಧ್ಯಾಹ್ನ ಅವನು ಊಟಕ್ಕೆ ಮನೆಗೆ ಓಡಿದ. “ಮರಿ ಹೋಟೆಲಲ್ಲಿದಾನೆ ಕಣೆ! ಅವನೇ ನಮಗೆ ಕೆಲಸ ಕಳಿಸ್ತಿದಾನೆ. ನೋಡಿದ್ಯಾ? ನಾನು ಹೇಳಲಿಲ್ವಾ? ಆರ್ತಾ ಇದಾನೆ!”

“ಹಾಗಾದ್ರೆ ಹೋಗಿ.”

“ಅರ್ಧ ಆರಿದಾಗ ಮುಟ್ಟಿದ್ರೆ ಪೂರ್ತಿ ಒದ್ದೆ ಇದ್ದಾಗ ಮುಟ್ಟಿದ್ದಕ್ಕಿಂತ ಕೆಟ್ಟದ್ದು. ಅವನಾಗೇ ಬರ್ತಾನೆ, ಬಿಡು.”

ಹೆಂಡತಿ ಹಣೆ ಚಚ್ಚಿಕೊಂಡಳು.

ಅಲ್ಲಿಂದ ಶುರುವಾಯಿತು ಅವನ ಸಂತೋಷದ ಕಾಲ. ಹೌದು, ಸಂತೋಷವೇ. ತಮ್ಮ ಲೇಸಿನ ಮೂಲಕ ಮಾತಾಡುತ್ತಿದ್ದಾನೆ ಎಂದು ಅವನು ನಂಬಿದ್ದ. ತನ್ನ ಉತ್ತರವನ್ನು ಕೆಲಸದಲ್ಲಿ ಕೊಡುತ್ತಿದ್ದ. ಬೇರೆ ಷೂವಿಗೆ ಎರಡು ಪದರ ಮೇಣವಾದರೆ ಹೋಟೆಲಿನದಕ್ಕೆ ಐದು. ಅಟ್ಟೆಯ ಅಂಚಿನ ಸಂದಿನಿಂದ ಹಲ್ಲುಕಡ್ಡಿಯಲ್ಲಿ ಧೂಳು ತೆಗೆಯುತ್ತಿದ್ದ. ಮೂತಿಗೆ ತುಂಬಲು ಹಳೆಯ ಪತ್ರಿಕೆ ಬಿಟ್ಟು, ಒಳ್ಳೆಯ ಬಿಳಿ ಹಾಳೆಯ ಕಟ್ಟನ್ನೇ ತಂದಿಟ್ಟುಕೊಂಡ. ಲೇಸನ್ನು ಅದೇ ಎಂಟರ ಆಕಾರದಲ್ಲಿ ಸುತ್ತಿ, ಒಂದು ಸುತ್ತು ಹೆಚ್ಚಿಗೆ ಹಾಕುತ್ತಿದ್ದ. ಆ ಒಂದು ಸುತ್ತಿನಲ್ಲಿ ‘ತಪ್ಪು ನನ್ನದು ಕಣೋ’ ಎಂಬುದೂ ಸೇರಿತ್ತು. ಬಾಯಿಂದ ಬರದ ಮಾತು ದಾರದಿಂದ ಬಂದೀತೇ ಎಂದು ಕೇಳುವವರು ಯಾರೂ ಇರಲಿಲ್ಲ.

ಷೂಗಳ ಮೂತಿಯಲ್ಲಿ ಹೋಟೆಲಿನಿಂದ ಬಂದ ಕಾಗದ? ಅದನ್ನು ಕೈ ತನ್ನಷ್ಟಕ್ಕೆ ಎಳೆದು ಡಬ್ಬಕ್ಕೆ ಎಸೆಯುತ್ತಿತ್ತು. ಕಣ್ಣು ಕಿಟಕಿಯ ಕಡೆ. ಶುಕ್ರವಾರ ಕಸದವನು ಡಬ್ಬ ಖಾಲಿ ಮಾಡುತ್ತಿದ್ದ.

“ಈ ಲೇಸು ಸುತ್ತೋರು ಯಾರಪ್ಪ?” ಎಂದು ಒಮ್ಮೆ ಅವನು ವ್ಯಾನಿನವನನ್ನು ಕೇಳಿದ್ದ, ಏನೂ ಗೊತ್ತಿಲ್ಲದವನ ಹಾಗೆ.

“ಇದಾರೆ, ನಮ್ಮಲ್ಲಿ ಒಬ್ರು” ಎಂದು ಅವನೂ ಏನೂ ಗೊತ್ತಿಲ್ಲದವನ ಹಾಗೆ ಹೇಳಿದ್ದ.

“ಚೆನ್ನಾಗಿದಾರಾ?”

“ಚೆನ್ನಾಗಿದಾರೆ.”

ಹೀಗೆ ಎರಡೂವರೆ ವರ್ಷ. ಕಡೆಯ ಬೇಸಿಗೆಯಲ್ಲಿ ಲೇಸಿನ ಸುತ್ತು ಸಡಿಲವಾಗತೊಡಗಿತು. ನೆರಳಣ್ಣ ಕೇಳಿದ. “ಸ್ವಲ್ಪ ಸೊರಗಿದಾರೆ” ಎಂದ ವ್ಯಾನಿನವನು, ಮತ್ತೇನನ್ನೋ ಹೇಳಬೇಕೆಂದು ನಿಂತ, ನಿಂತವನು ಹಾಗೇ ಹೋದ. ಎರಡು ಮಂಗಳವಾರ ಲೇಸುಗಳು ಹೇಗೆಂದರೆ ಹಾಗೆ ತುರುಕಿಕೊಂಡು ಬಂದವು. ಯಾರೋ ಬೇರೆಯವರ ಕೈ. ಮುಂದಿನ ವಾರ ಹೋಗಿಯೇ ಬಿಡುತ್ತೇನೆ ಎಂದು ಹೆಂಡತಿಗೆ ಹೇಳಿ, ಅಂಗಿಯನ್ನೂ ಒಗೆಸಿ ಇಟ್ಟುಕೊಂಡ. ಮುಂದಿನ ಮಂಗಳವಾರ ಚೀಲ ಬಿಚ್ಚಿದರೆ ಮತ್ತೆ ಎಂಟರ ಆಕಾರ. ಅಲುಗಾಡುವ, ಸಡಿಲವಾದ ಸುತ್ತು, ಆದರೆ ಮರಿಯದೇ. “ಹುಷಾರಾಗಿದಾನೆ ನೋಡು” ಎಂದ. ಅಂಗಿ ಗೂಟದ ಮೇಲೇ ಉಳಿಯಿತು.

ಅದಾದ ಮೂರನೆಯ ಗುರುವಾರ ಬೆಳಿಗ್ಗೆ ಬಾಗಿಲಿಗೆ ನೆರಳು ಬಿತ್ತು. ಮರಿಯ ಹೆಂಡತಿ. ಕೈಯಲ್ಲಿ ಒಂದು ಬಟ್ಟೆಯ ಚೀಲ, ಕಂಕುಳಲ್ಲಿ ಒಂದು ಕಟ್ಟು. ಮೂರು ವರ್ಷದಲ್ಲಿ ಹತ್ತು ವರ್ಷ ಹೆಚ್ಚಾದವಳ ಹಾಗೆ ಕಂಡಳು.

“ಬಾಮ್ಮಾ, ಬಾ” ಎಂದು ಅವನು ತಡಬಡಿಸಿ ಎದ್ದು, ಮೆಟ್ಟಿಲಿಗೆ ತಲೆ ಹೊಡೆಸಿಕೊಂಡ. “ಮರಿ ಎಲ್ಲಿ? ಬಂದಿದಾನಾ?”

“ಅವರು ಹೋಗಿ ಇವತ್ತಿಗೆ ಎಂಟು ದಿನ ಆಯ್ತು ಭಾವ.”

ಅವನಿಗೆ ಮಾತು ಕೇಳಿಸಿತು, ಅರ್ಥವಾಗಲಿಲ್ಲ. ಹೋಗಿ ಎಂದರೆ ಎಲ್ಲಿಗೆ ಎಂದು ಕೇಳಲು ಬಾಯಿ ತೆರೆದ, ಅವಳ ಮುಖ ನೋಡಿದ. ಸ್ಟೂಲು ಕೈಗೆ ಸಿಕ್ಕಿತು, ಕೂತ.

“ಹೊಟ್ಟೆಯೊಳಗೆ ಗಡ್ಡೆ. ವರ್ಷದಿಂದ ಇತ್ತು. ನಾನು ನಿಮಗೆ ಹೇಳಿ ಕಳಿಸ್ತೀನಿ ಅಂದ್ರೆ ಬೇಡ ಅಂದ್ರು. ನಾನೇ ಬರ್ದಿದೀನಿ, ಓದಿ ಬರ್ತಾನೆ ಅಂದ್ರು. ನೀವು ಬರಲಿಲ್ಲ. ಎಲ್ಲಾ ಮುಗಿದ ಮೇಲೆ ನಿಮಗೆ ಯಾಕೆ ಹೇಳಬೇಕು ಅಂತ ನನಗೂ ಸಿಟ್ಟು ಬಂತು.” ಅವಳು ಚೀಲವನ್ನು ಎದೆಗೆ ಒತ್ತಿಕೊಂಡಳು. “ಒಂದಕ್ಕಾದ್ರೂ ಉತ್ತರ ಬರೀಬಾರದಿತ್ತಾ ಭಾವ? ಒಂದೇ ಒಂದಕ್ಕೆ? ಎಂಥ ಕಲ್ಲು ನಿಮ್ಮ ಮನಸ್ಸು!”

“ಏನು ಬರೆದಿದ್ದ? ಯಾವಾಗ?”

ಅವಳಿಗೆ ಅದು ನಾಟಕದಂತೆ ಕಂಡಿರಬೇಕು. ಚೀಲ ಬಿಚ್ಚಿ ಒಂದು ಜೊತೆ ಕಪ್ಪು ಷೂವನ್ನು ಅವನ ಮುಂದೆ ಇಟ್ಟಳು. “ಅವರದ್ದು. ಅಣ್ಣನಿಗೇ ಕೊಡು ಅಂತ ಹೇಳಿದ್ರು.”

ಎಡ ಹಿಮ್ಮಡಿಯ ಹೊರ ಅಂಚು ಸವೆದಿತ್ತು. ಚಿಕ್ಕಂದಿನಲ್ಲಿ ಮೆಟ್ಟಿಲಿಂದ ಬಿದ್ದು ಕಾಲು ಮುರಿದುಕೊಂಡ ಮೇಲೆ ಮರಿ ನಡೆಯುತ್ತಿದ್ದದ್ದೇ ಹಾಗೆ. ಲೇಸುಗಳು ಬೆರಳಿನಷ್ಟು ಚಿಕ್ಕ ಎಂಟಾಗಿ ಮಲಗಿದ್ದವು. ನೆರಳಣ್ಣನ ತಲೆಯಲ್ಲಿ ಏನೂ ಇರಲಿಲ್ಲ. ತಲೆಯಲ್ಲಿ ಏನೂ ಇಲ್ಲದಾಗ ಕೈ ತನಗೆ ಗೊತ್ತಿದ್ದದ್ದನ್ನು ಮಾಡುತ್ತದೆ. ಅವನು ಬಲಗಾಲಿನದನ್ನು ಎತ್ತಿಕೊಂಡ. ಕಣ್ಣು ಕಿಟಕಿಯ ಕಡೆ ತಿರುಗಿತು. ಬೆರಳು ಮೂತಿಯೊಳಗೆ ಹೋಗಿ, ಕಾಗದದ ಉಂಡೆಯನ್ನು ಎಳೆದು, ಕಾಲ ಬಳಿಯ ಡಬ್ಬಕ್ಕೆ ಎಸೆಯಿತು.

ಅವಳು ಕಿರುಚಿದಳು. ಕನ್ನಡಕದ ಅಂಗಡಿಯವನು ಹೊರಗೆ ಬಂದು ನೋಡುವಷ್ಟು ಜೋರಾಗಿ.

“ಭಾವ! ಏನು ಮಾಡಿದ್ರಿ? ನೀವು... ಎಲ್ಲಾದನ್ನೂ ಹೀಗೇನಾ? ನೋಡದೇನೇ?”

ಅವನು ಡಬ್ಬವನ್ನು ನೋಡಿದ. ತನ್ನ ಕೈಯನ್ನು ನೋಡಿದ. ಅವಳನ್ನು ನೋಡಿದ. ಮೂರನ್ನೂ ನೋಡುವಷ್ಟರಲ್ಲಿ ಎರಡೂವರೆ ವರ್ಷದ ಮಂಗಳವಾರಗಳೆಲ್ಲ ಒಟ್ಟಿಗೆ ಬಂದು ಎದೆಯ ಮೇಲೆ ಕೂತವು. ನೂರಕ್ಕೂ ಮಿಕ್ಕಿದ ಕಾಗದ. ಇಪ್ಪತ್ತೆರಡು ವರ್ಷ ಅಣ್ಣ ಓದಿದ್ದಾನೆ, ಇನ್ನು ಮುಂದೂ ಓದುತ್ತಾನೆ ಎಂದು ನಂಬಿ ಬರೆದವನು ಒಬ್ಬ. ಓದಿದರೆ ಎದೆ ಒಡೆದೀತೆಂದು ಓದುವುದನ್ನೇ ಬಿಟ್ಟವನು ಇನ್ನೊಬ್ಬ.

“ನನಗೆ ಗೊತ್ತಿರಲಿಲ್ಲಮ್ಮ” ಎಂದ. “ಲೇಸು ಒಂದು ನೋಡ್ತಿದ್ದೆ.”

ಅವಳು ನೆಲದ ಮೇಲೇ ಕೂತುಬಿಟ್ಟಳು. ಕಂಕುಳಿನ ಕಟ್ಟನ್ನು ಬಿಚ್ಚಿದಳು. ಅವನ ಮುಖಕ್ಕೆ ಎಸೆದು ಹೋಗಬೇಕೆಂದು ತಂದ ಕಟ್ಟು. ಈಗ ಮೆಲ್ಲಗೆ ಅವನ ಮಂಡಿಯ ಮೇಲೆ ಇಟ್ಟಳು. ಒಂದರ ಮೇಲೊಂದು ಬಿಳಿ ಹಾಳೆಗಳು, ಸುಕ್ಕುಸುಕ್ಕಾಗಿ, ಆದರೆ ಕೈಯಿಂದ ತೀಡಿ ತೀಡಿ ಸಪಾಟು ಮಾಡಿದವು. ಅವನೇ ಮೂತಿಗೆ ತುಂಬಿ ಕಳಿಸಿದ್ದ ಹಾಳೆಗಳು.

“ಬುಧವಾರ ಇದನ್ನ ಮನೆಗೆ ತರೋರು. ಒಂದೊಂದನ್ನೇ ಮಂಡಿ ಮೇಲೆ ಇಟ್ಕೊಂಡು ಬಿಡಿಸೋರು. ಈ ಕಡೆ ನೋಡೋರು, ಆ ಕಡೆ ನೋಡೋರು, ಬೆಳಕಿಗೆ ಹಿಡಿಯೋರು. ಅಣ್ಣ ಪೆನ್ಸಿಲು ಒತ್ತಿ ಬರೆಯಲ್ಲ, ತೇಲಿಸಿ ಬರೀತಾನೆ, ಉಜ್ಜಿ ಅಳಿಸಿ ಹೋಗಿರುತ್ತೆ ಅನ್ನೋರು. ಎಸೀತೀನಿ ಅಂದ್ರೆ ಬಿಡ್ತಿರಲಿಲ್ಲ. ‘ಏನೂ ಬರೆಯದಿದ್ರೂ ಹೊಸ ಹಾಳೆ ಹಾಕಿದಾನೆ ನೋಡೆ, ಹಳೇ ಪೇಪರ್ ಹಾಕಿಲ್ಲ. ಸಿಟ್ಟು ಇಳೀತಿದೆ’ ಅನ್ನೋರು.” ಅವಳು ಮೂಗು ಒರೆಸಿಕೊಂಡಳು. “ಈಚೆಗೆ ಹಾಗೆ ಅನ್ನೋದನ್ನೂ ಬಿಟ್ಟಿದ್ರು.”

“ಸಿಟ್ಟಾ? ನನಗಾ? ಅವನ ಮೇಲಾ?” ಎಂದ ನೆರಳಣ್ಣ. “ಅಮ್ಮಾ, ಆ ಚೀಟಿ ನನ್ನ ಕೈಬರಹ ಕಣಮ್ಮ. ನಾಳೆ ಬೆಳಿಗ್ಗೆ ಅಂತ ಬರೆದಿದ್ದು ನಾನು. ಅವನದೇನೂ ತಪ್ಪಿರಲಿಲ್ಲ. ನಂದೇ.”

ಮೂರು ವರ್ಷ ಗಂಟಲಲ್ಲಿ ಬಿಸಿತುಪ್ಪವಾಗಿದ್ದ ಮಾತು ಕಡೆಗೂ ಹೊರಗೆ ಬಂತು. ಕೇಳಬೇಕಾದವನು ಇರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

“ಗೊತ್ತು ಭಾವ” ಎಂದಳು ಅವಳು. “ಅವರಿಗೂ ಗೊತ್ತಿತ್ತು. ಆದ್ರೂ ಎಷ್ಟು ಸಲ ಬರೆದ್ರೋ, ಬಾಯ್ಲರ್ ಮೇಲೆ ಇಟ್ಟಿದ್ದು ನನ್ನ ತಪ್ಪು, ಒಂದ್ಸಲ ಬಂದು ಹೋಗು ಅಂತ. ಕೈ ನಡುಗೋಕೆ ಶುರುವಾದ ಮೇಲೆ ಮೂರು ಸಲ ನನ್ನ ಕೈಲೂ ಬರೆಸಿದ್ರು.”

ನೆರಳಣ್ಣ ಡಬ್ಬದ ಮುಂದೆ ಮಂಡಿಯೂರಿ ಎರಡೂ ಕೈ ಹಾಕಿದ. ಕ್ರೀಮು ಹತ್ತಿದ ಬಟ್ಟೆ, ಲೇಸಿನ ಚೂರು, ನಿನ್ನೆಯ ಗಿರಾಕಿಗಳ ಕಾಗದ. ಯಾವುದೆಂದು ಗೊತ್ತಾಗದೆ ಒಂದೊಂದನ್ನೇ ಬಿಡಿಸಿದ. ಸಿಕ್ಕಿತು. ಮಂಡಿಯ ಮೇಲೆ ಇಟ್ಟು ತೀಡಿದ. ಅಕ್ಷರಗಳು ಇಳಿಜಾರಿನಲ್ಲಿ ಉರುಳಿದಂತಿದ್ದವು, ಆದರೂ ಮರಿಯವೇ.

‘ಅಣ್ಣಾ, ಇದು ಕೆಲಸದವನ ಷೂ. ನಾಳೆ ಬೆಳಿಗ್ಗೆಗೇ ಬೇಕು ಅಂತ ಏನಿಲ್ಲ. ನೆರಳಲ್ಲಿ ಒಣಗಲಿ.’

ಅವನು ಓದಿದ. ಅಭ್ಯಾಸದಿಂದ ಒಂದು ಕ್ಷಣ ನಗು ಬಂದುಬಿಟ್ಟಿತು, ಗಿರಾಕಿಗಳ ಮುಂದೆ ತಡೆಯುತ್ತಿದ್ದಂಥದ್ದೇ ನಗು. ಅದನ್ನು ಕೆಮ್ಮಿನಲ್ಲಿ ಮುಚ್ಚಲು ಹೋದ. ಮುಚ್ಚಿದ್ದು ಅಳುವಾಗಿ ಒಡೆಯಿತು. ಅರವತ್ತು ದಾಟಿದ ಮನುಷ್ಯ ಕಸದ ಡಬ್ಬವನ್ನು ತಬ್ಬಿಕೊಂಡು ಮಗುವಿನ ಹಾಗೆ ಅತ್ತ. ಅವಳು ಬಂದು ಬೆನ್ನ ಮೇಲೆ ಕೈ ಇಟ್ಟಳು. ಬೈಯಲು ಬಂದವಳು ಸಮಾಧಾನ ಮಾಡಿ ಹೋಗಬೇಕಾಯಿತು.

ಆ ಷೂ ಮಾಡಲು ಅವನು ಹನ್ನೊಂದು ದಿನ ತೆಗೆದುಕೊಂಡ. ಹಳೆಯ ಪಾಲಿಷ್ ತೆಗೆದ, ಕ್ರೀಮು ತಿನ್ನಿಸಿದ, ಕಾದ. ಮಡಿಕೆಗಳನ್ನು ಹಾಗೇ ಬಿಟ್ಟ. ಅವು ಮರಿಯ ಕಾಲಿನ ಮಡಿಕೆಗಳು. ಸವೆದ ಹಿಮ್ಮಡಿಯನ್ನೂ ಮುಟ್ಟಲಿಲ್ಲ. ಕಡೆಗೆ ಒಂದು ಬಿಳಿ ಹಾಳೆ ತೆಗೆದು, ಪೆನ್ಸಿಲು ಹಿಡಿದು ಕೂತ. ಈ ಸಲ ಎರಡು ಪದದಲ್ಲಿ ಮುಗಿಯಲಿಲ್ಲ. ಹಾಳೆಯ ಈ ಕಡೆ ತುಂಬಿತು, ಆ ಕಡೆಯೂ ತುಂಬಿತು. ಅಳಿಸಿಹೋಗದ ಹಾಗೆ ಒತ್ತಿ ಒತ್ತಿ ಬರೆದಿದ್ದ. ಅದನ್ನು ಮಡಿಸಿ ಬಲಗಾಲಿನ ಮೂತಿಯೊಳಗೆ ಇಟ್ಟು, ಷೂಗಳನ್ನು ಒದ್ದೆ ಷೂ ಒಣಗಿಸುವ ಹಲಗೆಯ ಮೇಲೆ, ಬಿಸಿಲು ಬೀಳದ ಕಡೆ ಇಟ್ಟ. ಎಲ್ಲ ಷೂಗಳಿಗೂ ಕಟ್ಟುವಂತೆ ಇದಕ್ಕೂ ಒಂದು ಚೀಟಿ ಕಟ್ಟಿದ. ಹೆಸರಿನ ಜಾಗದಲ್ಲಿ ‘ತಮ್ಮ’ ಎಂದು ಬರೆದ. ಕೊಡುವ ದಿನದ ಜಾಗವನ್ನು ಖಾಲಿ ಬಿಟ್ಟ.

ಈಗ ಮೂತಿಯ ಕಾಗದವನ್ನು ಅವನು ನೋಡದೆ ಎಸೆಯುವುದಿಲ್ಲ. ಪ್ರತಿಯೊಂದನ್ನೂ ಮಂಡಿಯ ಮೇಲೆ ಬಿಡಿಸುತ್ತಾನೆ, ಈ ಕಡೆ ನೋಡುತ್ತಾನೆ, ಆ ಕಡೆ ನೋಡುತ್ತಾನೆ. ಗಿರಾಕಿಗಳಿಗೆ ಹೊತ್ತಾಗುತ್ತದೆ. ಆಗಲಿ.

ತಿಂಗಳು ಕಳೆದ ಮೇಲೆ ಒಂದು ದಿನ ಆ ವಕೀಲರು ಬಂದರು. ಬಿರುಕು ಬಿಟ್ಟ ಷೂ ಹೋದರೂ ಈ ಅಂಗಡಿಯನ್ನು ಬಿಡದವರು, ಒಳ್ಳೆಯವರೇ. ಸ್ಟೂಲಿನ ಮೇಲೆ ಕೂತು ಅತ್ತಿತ್ತ ನೋಡುತ್ತಿದ್ದವರ ಕಣ್ಣು ಷೂ ಒಣಗಿಸುವ ಹಲಗೆಯ ಮೇಲೆ ನಿಂತಿತು.

“ಯಾರದ್ದಪ್ಪ ಆ ಕಪ್ಪು ಜೊತೆ? ಮುಖ ನೋಡ್ಕೋಬಹುದು, ಹಾಗಿದೆ.”

“ನನ್ನ ತಮ್ಮಂದು ಸರ್.”

“ತಮ್ಮನಾ?” ವಕೀಲರು ಹುಬ್ಬೇರಿಸಿದರು. “ಇಷ್ಟು ವರ್ಷದಿಂದ ಬರ್ತಿದೀನಿ. ನಿಮಗೊಬ್ಬ ತಮ್ಮ ಇದಾನೆ ಅಂತ ನೀವು ಯಾವತ್ತೂ ಹೇಳೇ ಇಲ್ಲವಲ್ಲ!”

ನೆರಳಣ್ಣ ಅವರ ಷೂವನ್ನು ಮಡಿಲಿಗೆ ಎಳೆದುಕೊಂಡು ಲೇಸು ಬಿಚ್ಚತೊಡಗಿದ.

“ಹೌದು ಸರ್” ಎಂದ. “ಹೇಳಿರಲಿಲ್ಲ.”